ಲೆಕ್ಕವಿಲ್ಲದ ಲೋಕಾಭಿಪ್ರಾಯ

ಲೋಕಾಭಿಪ್ರಾಯವೇ ಪ್ರಜಾಪ್ರಭುತ್ವದ ಉಸಿರೆಂಬ ಮಾತನ್ನು ಒಪ್ಪದವರಿಲ್ಲ. ಆದರೆ ಅಭಿಪ್ರಾಯವು ಗಾಳಿಯನ್ನು ಕುಡಿದು ಬದುಕತಕ್ಕದ್ದಲ್ಲ. ಅದಕ್ಕೆ ಆಹಾರವಾಗತಕ್ಕದ್ದು ನಿಜವಾದ ಲೆಕ್ಕ. ದೇಶದ ಸ್ಥಿತಿಯ ಲೆಕ್ಕವನ್ನು ಕೊಡದೆ ಪ್ರಜೆಯ ಅಭಿಪ್ರಾಯವನ್ನು ಮಾತ್ರ ಕೇಳುವುದು, ಸಾಕ್ಷಿಗಳನ್ನು ಹೊರಗೆ ನಿಲ್ಲಿಸಿ ತೀರ್ಪನ್ನು ಬೇಡಿದಂತೆ.

1881ನೆಯ ಇಸವಿಯ ಫೆಬ್ರವರಿಯಲ್ಲಿ ಇಂಡಿಯಾ ದೇಶದಲ್ಲಿ ಏಕಕಾಲದ ಮೊದಲ ಜನಗಣತಿ ನಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿತು. ಕಳೆದ ವರ್ಷದ ಆಡಳಿತದ ಫಲವೂ ಬರುವ ವರ್ಷದ ಉದ್ದೇಶಗಳೂ ಅದರ ಮುಂದೆ ಬಂದವು. ಆ ಸಭೆಗೆ ಶಾಸನಮಾಡುವ ಅಧಿಕಾರವಿರಲಿಲ್ಲ. ಅದರ ಸದಸ್ಯರು ಚುನಾಯಿತರೂ ಆಗಿರಲಿಲ್ಲ. ಆದರೂ ಅಧಿಕಾರವಿಲ್ಲದವರಿಗೂ ಲೆಕ್ಕವನ್ನು ಒಪ್ಪಿಸುವುದು ರಾಜ್ಯದ ಮರ್ಯಾದೆಯೆಂದು ಭಾವಿತವಾಗಿದ್ದಿತು. ಈಗಿನ ಪ್ರಜೆಗೆ ಅಧಿಕಾರವುಂಟು. ಲೆಕ್ಕವೇ ಸಕಾಲದಲ್ಲಿ ದೊರೆಯುವುದಿಲ್ಲ.

2017-18ರ ಉದ್ಯೋಗಸ್ಥಿತಿಯ ವರದಿಯನ್ನು ನೋಡಬಹುದು. ಅದನ್ನು ಪ್ರಕಟಿಸದೆ ಇಟ್ಟುಕೊಂಡಿರುವುದನ್ನು ಪ್ರತಿಭಟಿಸಿ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಇಬ್ಬರು ಸದಸ್ಯರು 2019ರ ಜನವರಿಯಲ್ಲಿ ರಾಜೀನಾಮೆಯಿತ್ತರು. ಲೋಕಸಭೆಯ ಚುನಾವಣೆ ಮುಗಿದು ಫಲಿತಾಂಶ ಬಂದದ್ದು ಮೇ 23ರಂದು. ನಿರುದ್ಯೋಗವು ನೂರಕ್ಕೆ 6.1 ಎಂದು ಸಾರಿದ ವರದಿ ಬಂದದ್ದು ಮೇ 31ರಂದು. ಮದುವೆ ಮುಗಿದ ಮೇಲೆ ಜಾತಕ ತೋರಿಸುವ ಪದ್ಧತಿ ಯಾವ ಮನೆಯಲ್ಲುಂಟು? ಅದೇ ವರ್ಷದ ನವೆಂಬರಿನಲ್ಲಿ ಕುಟುಂಬಗಳ ವೆಚ್ಚದ ಸಮೀಕ್ಷೆಯೂ, ಗುಣಮಟ್ಟ ಸಾಲದೆಂಬ ಕಾರಣದಿಂದ, ತಡೆಯಲ್ಪಟ್ಟಿತು. ಲೆಕ್ಕದಲ್ಲಿ ದೋಷವಿದ್ದರೆ ದೋಷವನ್ನು ತೋರಿಸಿ ಪ್ರಕಟಿಸುವುದು ನ್ಯಾಯ. ಪುಸ್ತಕವನ್ನೇ ಮುಚ್ಚಿಡುವುದು ನ್ಯಾಯವಲ್ಲ.

ಜನಗಣತಿಯ ಕಥೆ ಇನ್ನೂ ಶೋಚನೀಯವಾದುದು. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ, ಮಹಾಯುದ್ಧದ ನಡುವೆ 1941ರಲ್ಲಿಯೂ, ನಡೆದ ಕಾರ್ಯವು 2021ರಲ್ಲಿ ನಡೆಯಲಿಲ್ಲ. ಸಾಂಕ್ರಾಮಿಕ ವ್ಯಾಧಿಯು ಅಡ್ಡಬಂದಿತೆಂಬ ಸಮಾಧಾನವು ಒಂದೆರಡು ವರ್ಷಕ್ಕೆ ಸಲ್ಲುತ್ತದೆ. 2024ರಲ್ಲಿ ಸುಮಾರು 64 ಕೋಟಿ ಜನರ ಮತಗಳನ್ನು ಎಣಿಸಬಲ್ಲ ರಾಜ್ಯಕ್ಕೆ ಜನರನ್ನೇ ಎಣಿಸಲು ಬಿಡುವಾಗಲಿಲ್ಲವೆಂದರೆ ನಂಬುವುದು ಹೇಗೆ? 2027ರ ಮಾರ್ಚಿಯ ಗಣತಿಯನ್ನು ಕುರಿತ ಪ್ರಕಟನೆಯೇ ಹೊರಟದ್ದು 2025ರ ಜೂನಿನಲ್ಲಿ.

ಇದರಿಂದ ಕೆಟ್ಟದ್ದು ಬರಿಯ ಪಂಡಿತರ ಚರ್ಚೆಯಲ್ಲ. 2013ರ ಆಹಾರಭದ್ರತಾ ಶಾಸನವು ಹಳ್ಳಿಗಳಲ್ಲಿ ನೂರಕ್ಕೆ 75, ಪಟ್ಟಣಗಳಲ್ಲಿ ನೂರಕ್ಕೆ 50 ಮಂದಿಯವರೆಗೆ ಪಡಿಯನ್ನು ವಿಧಿಸಿತು. ಆ ಎಣಿಕೆಗೆ ಆಧಾರವಾದದ್ದು 2011ರ ಗಣತಿ. ಜನ ಬೆಳೆದರೂ ಲೆಕ್ಕ ಬೆಳೆಯಲಿಲ್ಲ. ಹಸಿದವನ ಹೆಸರು ಪಟ್ಟಿಗೆ ಸೇರದಿದ್ದರೆ ಅವನ ಹಸಿವು ಸುಳ್ಳಾಗುವುದೆ?

ಈ ಅಪರಾಧದಲ್ಲಿ ವಿದ್ಯಾವಂತರ ಪಾಲು ಇಲ್ಲದಿಲ್ಲ. ಲೆಕ್ಕವಿಲ್ಲದ ಕಡೆ ಪ್ರತಿಯೊಬ್ಬನೂ ತನ್ನ ಜಗಲಿಯನ್ನೇ ದೇಶವೆಂದು ತಿಳಿಯುತ್ತಾನೆ. ಸಂಬಳ ಬರುವ ಮನೆಯಲ್ಲಿ ದೇಶವೆಲ್ಲ ಸುಭಿಕ್ಷ, ಕೆಲಸ ತಪ್ಪಿದ ಮನೆಯಲ್ಲಿ ದೇಶವೆಲ್ಲ ಹಾಳು. ಒಬ್ಬರು ಭಕ್ತಿಯಿಂದಲೂ ಇನ್ನೊಬ್ಬರು ದ್ವೇಷದಿಂದಲೂ ಕೂಗುತ್ತಾರೆ. ಅಂಕಿಗಳನ್ನು ತೋರಿಸಿರೆಂದು ಕೇಳುವವರು ವಿರಳ.

ಮಾಡತಕ್ಕದ್ದು ಸ್ಪಷ್ಟವಾಗಿದೆ. ಸಂಖ್ಯಾಶಾಸ್ತ್ರ ಆಯೋಗವು 2005ರ ಸರ್ಕಾರಿ ನಿರ್ಣಯದಿಂದ ಹುಟ್ಟಿದ್ದೇ ಹೊರತು ಶಾಸನದಿಂದಲ್ಲ. ಅದಕ್ಕೆ ಶಾಸನದ ಬಲ ಬರಬೇಕು. ವರದಿಗಳ ಪ್ರಕಟನೆಯ ದಿನವು ಮಂತ್ರಿಗಳ ಇಚ್ಛೆಗೆ ಸಿಕ್ಕದಂತೆ ಗೊತ್ತಾಗಬೇಕು. ಯಾವ ಪಕ್ಷವು ಅಧಿಕಾರದಲ್ಲಿದ್ದರೂ ಈ ಬೇಡಿಕೆ ಒಂದೇ. ಯಜಮಾನನಿಗೆ ಲೆಕ್ಕ ತೋರಿಸದ ಪಾರುಪತ್ಯಗಾರನನ್ನು ಯಾವ ಮನೆತನವೂ ಇಟ್ಟುಕೊಳ್ಳುವುದಿಲ್ಲ. ರಾಜ್ಯದ ಯಜಮಾನನು ಪ್ರಜೆಯೆಂಬುದು ನಿಜವಾದರೆ, ಲೆಕ್ಕದ ಪುಸ್ತಕ ಅವನ ಮುಂದೆ ತೆರೆಯಲಿ.