ಗಿಟಾರಿಗೆ ದಕ್ಕಿದ ಗುಡುಗುಡಿ

ಶಿಶುನಾಳ ಶರೀಫರ ಪದವನ್ನು ಗಿಟಾರಿಗೆ ಕಟ್ಟಿ ಹಾಡಿದರೆ ಅದು ಕೆಟ್ಟಿತೆಂದು ಮೂಗುಮುರಿಯುವ ಹಿರಿಯರು ನಮ್ಮಲ್ಲಿ ಉಂಟು. ನನಗೇಕೋ ಆ ಮಾತು ಒಪ್ಪಿಗೆಯಾಗದು.

ಮೈಸೂರಿನಲ್ಲಿ ಬೆಳೆದು, ಇಲ್ಲಿಯ ವಿಶ್ವವಿದ್ಯಾನಿಲಯದಲ್ಲೇ ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತ ರಘು ದೀಕ್ಷಿತರ ಮೊದಲ ಧ್ವನಿಮುದ್ರಿಕೆ ಹೊರಬಂದುದು 2008ರಲ್ಲಿ. ಹೊರತಂದವರು ಮುಂಬಯಿಯ ಚಿತ್ರಸಂಗೀತಗಾರರಾದ ವಿಶಾಲ್–ಶೇಖರ್. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಗುಡುಗುಡಿಯ ಪದವೂ ಅದರಲ್ಲಿ ಠೀವಿಯಿಂದ ಕುಳಿತಿದೆ. ನಮ್ಮೂರಿನವರ ಕನ್ನಡ ಮುಂಬಯಿಯ ದಾರಿ ಹಿಡಿದು ಬರಬೇಕಾಯಿತಲ್ಲ ಎಂಬ ಕೊರಗು ಬೇರೆ; ಅದಿರಲಿ.

1819ರಲ್ಲಿ ಹುಟ್ಟಿದ ಶರೀಫರು ಇಂಥ ವಾದ್ಯಕ್ಕೇ ಹಾಡಿರೆಂದು ಅಪ್ಪಣೆ ಬರೆದಿಟ್ಟು ಹೋದವರಲ್ಲ. ಅವರ ಪದಗಳು ಬಾಯಿಂದ ಬಾಯಿಗೆ ಉಳಿದುಬಂದವು. ಸಿ. ಅಶ್ವತ್ಥರು ವಾದ್ಯವೃಂದ ಕೂಡಿಸಿ ಹಾಡಿದಾಗ ಇದೇ ಹಿರಿಯರು ತಲೆದೂಗಿದರು. ನಮ್ಮ ಕಚೇರಿಗಳ ಪಿಟೀಲಾದರೂ ಹಡಗು ಹತ್ತಿ ಬಂದುದೇ ಅಲ್ಲವೆ?

ಈಚೆಗೆ ಗೋಕುಲಂನ ಒಂದು ಕಾಫಿ ಅಂಗಡಿಯಲ್ಲಿ ಈ ಹಾಡು ಕೇಳಿಬಂತು. ಯೋಗ ಕಲಿಯಲು ಬಂದಿದ್ದ ವಿದೇಶೀ ಹೆಣ್ಣುಮಗಳೊಬ್ಬಳು ತಾಳ ಹಾಕುತ್ತ, ಇದರ ಅರ್ಥವೇನೆಂದು ಕೇಳಿದಳು. ನಾವು ನಾಲ್ವರು ಕನ್ನಡಿಗರು. ನಾಲ್ವರಿಗೂ ಹಾಡು ಬಾಯಿಪಾಠ. ಹೊಗೆ ಸೇದುವ ಹಾಡೆಂದು ಹೇಳಿ ಒಬ್ಬ ನಕ್ಕುಬಿಟ್ಟ. ಮನಸ್ಸೇ ಸಂಚಿ, ಬುದ್ಧಿಯೇ ಬೆಂಕಿ, ಅದರಲ್ಲಿ ಸುಡಬೇಕಾದುದು ವಿಷಯವಾಸನೆ ಎಂಬುದು ನನಗೆ ತಿಳಿದದ್ದು ಮನೆಗೆ ಬಂದು ಪುಸ್ತಕ ತೆರೆದ ಮೇಲೆ. ಗಿಟಾರನ್ನು ದೂರುವವರು ನಮ್ಮನ್ನು ಕೂರಿಸಿಕೊಂಡು ಇಷ್ಟನ್ನು ಹೇಳಿಕೊಡಬಹುದಿತ್ತು. ಮರುದಿನ ಆಕೆಗೆ ತಿಳಿಸೋಣವೆಂದು ಹೋದೆ. ಆಕೆ ತನ್ನ ಊರಿಗೆ ಹೊರಟುಹೋಗಿದ್ದಳು.