ಮಕ್ಕಳ ಕೈಗೆ ಕಾದಂಬರಿ: ಹೆದರುವುದೇಕೆ, ಆರಿಸುವುದು ಹೇಗೆ?

ಶೈಕ್ಷಣಿಕ ವರ್ಷ ಆರಂಭವಾಗುತ್ತಿದ್ದಂತೆಯೇ ನಮ್ಮ ಮನೆಗಳಲ್ಲಿ ಚರ್ಚೆಗಳೂ ಆರಂಭವಾಗುತ್ತವೆ. ಸಮವಸ್ತ್ರದ ಬೆಲೆ, ಶುಲ್ಕದ ಏರಿಕೆ, ಶಾಲಾ ವಾಹನದ ಬಾಡಿಗೆ, ಟ್ಯೂಷನ್‌ನ ಸಮಯ ಮತ್ತು ಮದ್ರಸದ ಸಮಯದ ನಡುವಣ ಹೊಂದಾಣಿಕೆ ಇತ್ಯಾದಿ ಎಲ್ಲವೂ ಚರ್ಚೆಗೆ ಬರುತ್ತವೆ. ಆದರೆ ಮಗುವಿನ ತರಗತಿಯಲ್ಲಿ ಪುಸ್ತಕದ ಕಪಾಟು ಇದೆಯೇ, ಇದ್ದರೆ ಅದರಲ್ಲಿ ಯಾವ ಪುಸ್ತಕಗಳಿವೆ, ಅವುಗಳನ್ನು ಆರಿಸಿದವರು ಯಾರು ಎಂದು ಕೇಳುವ ಹೆತ್ತವರು ಎಷ್ಟು ಮಂದಿಯಿದ್ದಾರೆ? ಶಾಲೆಯ ಪೋಷಕರ ಸಭೆಯಲ್ಲಿ ಅಂಕಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು, ಮಗು ಪಠ್ಯದ ಹೊರಗೆ ಏನನ್ನು ಓದುತ್ತಿದೆ ಎಂಬ ಬಗ್ಗೆ ಒಂದು ನಿಮಿಷವನ್ನಾದರೂ ವ್ಯಯಿಸಿದ್ದೇವೆಯೇ?

ನಿಜವಾಗಿ, ಇದು ಕೇಳಲೇಬೇಕಾದ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು ಎಂದು ತನ್ನ ಅನುಸೂಚಿಯಲ್ಲಿ ಹೇಳಿದೆ. ಪತ್ರಿಕೆ, ನಿಯತಕಾಲಿಕೆ ಮತ್ತು ಎಲ್ಲ ವಿಷಯಗಳ ಪುಸ್ತಕಗಳ ಜೊತೆಗೆ ಕತೆ ಪುಸ್ತಕಗಳೂ ಅದರಲ್ಲಿರಬೇಕು ಎಂಬುದನ್ನು ಸ್ಪಷ್ಟವಾಗಿ ಸೇರಿಸಿದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯು ಸರಕಾರಿ ಶಾಲೆಗಳ ಗ್ರಂಥಾಲಯಕ್ಕೆ ಶಾಲೆಯ ಹಂತಕ್ಕನುಗುಣವಾಗಿ 5,000ದಿಂದ 20,000 ರೂಪಾಯಿವರೆಗೆ ವಾರ್ಷಿಕ ಅನುದಾನವನ್ನು ನಿಗದಿಪಡಿಸಿತು. ಅಂದರೆ, ಕತೆ ಮತ್ತು ಕಾದಂಬರಿಗಳು ಮಕ್ಕಳಿಗೆ ಯಾರೋ ಕೊಡುವ ದಾನವಲ್ಲ, ಅದು ಅವರ ಹಕ್ಕು. ಹಕ್ಕನ್ನು ಕೇಳಿ ಪಡೆಯುವುದು ಹೆತ್ತವರ ಹೊಣೆ.

ಆದರೆ ನಮ್ಮಲ್ಲಿ ಸಮಸ್ಯೆ ಇನ್ನೂ ಒಂದು ಹೆಜ್ಜೆ ಹಿಂದಿದೆ. ಕಾದಂಬರಿ ಎಂದ ಕೂಡಲೇ ಹುಬ್ಬುಗಂಟಿಕ್ಕುವ ಒಂದು ವರ್ಗ ಸಮುದಾಯದಲ್ಲಿದೆ. ಅದು ಸುಳ್ಳಿನ ಕಂತೆ, ಕಾಲಹರಣದ ಸಾಧನ, ಪ್ರೇಮ-ಪ್ರಣಯದ ಹೆಬ್ಬಾಗಿಲು ಎಂಬುದು ಅವರ ನಿಲುವು. ಲುಕ್ಮಾನ್ ಅಧ್ಯಾಯದಲ್ಲಿ ‘ಲಹ್ವಲ್ ಹದೀಸ್’ನ ಬಗ್ಗೆ, ಅಂದರೆ ಮೋಜಿನ ಮಾತುಗಳ ಬಗ್ಗೆ ಇರುವ ಎಚ್ಚರಿಕೆಯನ್ನು ಅವರು ಪುರಾವೆಯಾಗಿ ಮುಂದಿಡುತ್ತಾರೆ. ಆದರೆ ಆ ಎಚ್ಚರಿಕೆ ಇರುವುದು ಜನರನ್ನು ದೇವಮಾರ್ಗದಿಂದ ತಪ್ಪಿಸುವ ಉದ್ದೇಶಕ್ಕಾಗಿ ಅಂಥ ಮಾತುಗಳನ್ನು ಕೊಳ್ಳುವವರ ಬಗ್ಗೆ. ಕತೆ ಎಂಬ ಪ್ರಕಾರವನ್ನೇ ಅದು ತಳ್ಳಿಹಾಕುವುದಾದರೆ, ಅದೇ ಪವಿತ್ರ ಕುರ್‌ಆನ್ ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ಅತ್ಯುತ್ತಮ ಕಥನವೆಂದು ಪರಿಚಯಿಸುವುದೇಕೆ? ಯೂಸುಫ್(ಅ)ರ ವೃತ್ತಾಂತ ಕಲ್ಪನೆಯಲ್ಲ, ಸತ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಸತ್ಯವನ್ನು ಅಲ್ಲಾಹನು ಬರಿಯ ವಿಧಿ-ನಿಷೇಧಗಳ ಪಟ್ಟಿಯಾಗಿ ಕೊಡಲಿಲ್ಲ. ಅಣ್ಣಂದಿರ ಅಸೂಯೆ, ಬಾವಿಯ ಕತ್ತಲು, ತಂದೆಯ ಕಣ್ಣೀರು, ಸೆರೆಮನೆ, ಕೊನೆಗೆ ಕ್ಷಮೆ- ಹೀಗೆ ಕಥನದ ರೂಪದಲ್ಲಿಯೇ ಕೊಟ್ಟನು. ಮನುಷ್ಯನ ಮನಸ್ಸು ಕತೆಯ ಮೂಲಕ ಕಲಿಯುತ್ತದೆ ಎಂಬುದನ್ನು ಮನುಷ್ಯನನ್ನು ಸೃಷ್ಟಿಸಿದವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಇಷ್ಟಕ್ಕೂ, ಕಾದಂಬರಿ ನಮಗೆ ಅಪರಿಚಿತವೇನೂ ಅಲ್ಲ. 12ನೇ ಶತಮಾನದಲ್ಲಿ ಸ್ಪೇನ್‌ನ ಮುಸ್ಲಿಮ್ ವಿದ್ವಾಂಸ ಇಬ್ನು ತುಫೈಲ್ ‘ಹಯ್ಯ್ ಬಿನ್ ಯಕ್‌ಝಾನ್’ ಎಂಬ ಕಥನವನ್ನು ರಚಿಸಿದರು. ನಿರ್ಜನ ದ್ವೀಪದಲ್ಲಿ ಜಿಂಕೆಯೊಂದರ ಆರೈಕೆಯಲ್ಲಿ ಬೆಳೆಯುವ ಮಗು, ನೋಡುತ್ತಾ ಮತ್ತು ಯೋಚಿಸುತ್ತಾ ಸೃಷ್ಟಿಕರ್ತನ ಅರಿವಿನೆಡೆಗೆ ಸಾಗುವ ಕತೆಯದು. 1671ರಲ್ಲಿ ಅದು ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನ ಚಿಂತಕರ ಕೈಸೇರಿತು. ನಮ್ಮ ದೇಶದಲ್ಲೇ ನೋಡಿ. ಉರ್ದುವಿನ ಮೊದಲ ಕಾದಂಬರಿಗಳ ಸಾಲಿನಲ್ಲಿ ನಿಲ್ಲುವ ‘ಮಿರ್‌ಅತುಲ್ ಉರೂಸ್’ 1869ರಲ್ಲಿ ಪ್ರಕಟವಾಯಿತು. ಅದನ್ನು ಬರೆದ ಡೆಪ್ಯುಟಿ ನಝೀರ್ ಅಹ್ಮದ್ ಓರ್ವ ಧಾರ್ಮಿಕ ವಿದ್ವಾಂಸ. ತನ್ನ ಮಗಳಿಗೆ ಓದಲು ಕೊಡಬಹುದಾದ ಪುಸ್ತಕ ಇಲ್ಲವಲ್ಲ ಎಂಬ ಕೊರತೆಯೇ ಆ ಕಾದಂಬರಿಗೆ ಪ್ರೇರಣೆಯಾಯಿತು. ಅದರ ನಾಯಕಿ ಅಸ್ಗರಿ ತನ್ನ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠಶಾಲೆ ತೆರೆಯುತ್ತಾಳೆ.

ಇದೇ ನಝೀರ್ ಅಹ್ಮದ್ 1874ರಲ್ಲಿ ‘ತೌಬತುನ್ನಸೂಹ್’ ಎಂಬ ಇನ್ನೊಂದು ಕಾದಂಬರಿ ಪ್ರಕಟಿಸಿದರು. ಕಾಲರಾದಿಂದ ಬದುಕುಳಿದ ತಂದೆ ನಸೂಹ್ ಪಶ್ಚಾತ್ತಾಪಪಟ್ಟು ಮನೆಯನ್ನು ಸುಧಾರಿಸಲು ಹೊರಡುತ್ತಾನೆ. ಚಿಕ್ಕ ಮಕ್ಕಳೊಂದಿಗೆ ಕುಳಿತು ಮಾತಾಡುತ್ತಾನೆ, ಅವರು ಬದಲಾಗುತ್ತಾರೆ. ದೊಡ್ಡ ಮಗ ಕಲೀಮ್‌ನ ಪುಸ್ತಕಗಳನ್ನಾದರೋ ಬೆಂಕಿಗೆ ಹಾಕುತ್ತಾನೆ. ಆದರೆ ಆ ಬೆಂಕಿ ಮಗನನ್ನು ಮರಳಿ ತರಲಿಲ್ಲ. ಮನೆ ತೊರೆದ ಕಲೀಮ್, ಕೊನೆಗೆ ಗಾಯಗೊಂಡು ಸಾಯುವ ಸ್ಥಿತಿಯಲ್ಲಿಯೇ ಮನೆಗೆ ಮರಳುತ್ತಾನೆ. ಕಾದಂಬರಿಕಾರರ ಉದ್ದೇಶ ಏನೇ ಇರಲಿ, ಅದನ್ನು ಇಂದು ಓದುವ ಹೆತ್ತವರಿಗೆ ಪಾಠ ಸ್ಪಷ್ಟವಿದೆ. ಮಾತಾಡಿದ ಕಡೆ ಮಕ್ಕಳು ಉಳಿದರು, ಸುಟ್ಟ ಕಡೆ ಮಗ ಕಳೆದುಹೋದ.

ಇವತ್ತು ಪುಸ್ತಕ ಸುಡುವವರು ನಮ್ಮಲ್ಲಿಲ್ಲ ನಿಜ. ಆದರೆ ಪುಸ್ತಕವನ್ನು ತಡೆದು ಮೊಬೈಲ್ ಕೊಡುವವರು ಧಾರಾಳ ಇದ್ದಾರೆ. ಕಾದಂಬರಿ ಓದಿದರೆ ಮಗಳು ಕೆಟ್ಟುಹೋದಾಳು ಎಂದು ಅಂಜುವ ಮನೆಯಲ್ಲೇ, ಅದೇ ಮಗಳ ಕೈಯಲ್ಲಿ ರಾತ್ರಿ ಹನ್ನೊಂದರವರೆಗೂ ಮೊಬೈಲ್ ಇರುತ್ತದೆ. ಅದರಲ್ಲಿ ಏನು ಬರುತ್ತಿದೆ, ಯಾರು ಕಳುಹಿಸುತ್ತಿದ್ದಾರೆ ಎಂಬ ಅರಿವು ಹೆತ್ತವರಿಗಿಲ್ಲ. ಕಾದಂಬರಿಗೆ ಒಬ್ಬ ಲೇಖಕನಿದ್ದಾನೆ, ಒಂದು ಆರಂಭವಿದೆ, ಒಂದು ಅಂತ್ಯವಿದೆ. ಮಗು ಓದುವ ಮೊದಲು ನೀವೇ ಓದಿ ನೋಡಬಹುದು. ಮೊಬೈಲ್‌ನ ಪರದೆಗೆ ಇವು ಯಾವುವೂ ಇಲ್ಲ. ಹಾಗಿರುವಾಗ ನಾವು ಯಾವುದಕ್ಕೆ ಹೆದರಬೇಕು?

ಎರಡನೆಯ ಭಯ ಬೇರೆಯದು ಮತ್ತು ಅದು ಪೂರ್ಣ ನಿರಾಧಾರವಲ್ಲ. ಶಾಲೆಯ ಪುಸ್ತಕಗಳಲ್ಲಿ ನಮ್ಮನ್ನು ಹೇಗೆ ಚಿತ್ರಿಸಲಾಗಿದೆ ಎಂಬ ಭಯ ಅದು. 2022ರಲ್ಲಿ ಈ ರಾಜ್ಯದಲ್ಲಿ ಪಠ್ಯಪುಸ್ತಕ ಪರಿಷ್ಕರಣೆ ನಡೆದಾಗ ಎದ್ದ ವಿವಾದ ಮತ್ತು ಸರಕಾರ ಬದಲಾದ ಬಳಿಕ 2023ರಲ್ಲಿ ಅದೇ ಪಠ್ಯಗಳು ಮತ್ತೆ ಬದಲಾದ ಬಗೆಯನ್ನು ನಾವೆಲ್ಲ ಕಂಡಿದ್ದೇವೆ. ಪಠ್ಯಪುಸ್ತಕ ಅಧಿಕಾರಸ್ಥರ ಕೈಯಲ್ಲಿದೆ. ಅದಕ್ಕೆ ಹೋಲಿಸಿದರೆ ತರಗತಿಯ ಕಪಾಟು ಹೆಚ್ಚು ಸ್ವತಂತ್ರ. ಅಲ್ಲಿ ಶಿಕ್ಷಕರ ಮಾತು ನಡೆಯುತ್ತದೆ ಮತ್ತು ಹೆತ್ತವರು ಮನಸ್ಸು ಮಾಡಿದರೆ ಅವರ ಮಾತೂ ನಡೆಯುತ್ತದೆ. ಆಕ್ಷೇಪವಿದ್ದರೆ ಅದನ್ನು ಹೇಳುವ ದಾರಿಯನ್ನೂ ಕಾದಂಬರಿಯೇ ಕಲಿಸೀತು. ಆರ್.ಕೆ. ನಾರಾಯಣ್‌ರ ‘ಸ್ವಾಮಿ ಮತ್ತು ಅವನ ಸ್ನೇಹಿತರು’ (1935) ಕಾದಂಬರಿಯಲ್ಲಿ ಮಿಶನ್ ಶಾಲೆಯ ಅಧ್ಯಾಪಕರೊಬ್ಬರು ಬಾಲಕ ಸ್ವಾಮಿಯ ಧರ್ಮವನ್ನು ತರಗತಿಯಲ್ಲಿ ಹೀಗಳೆಯುತ್ತಾರೆ. ಸ್ವಾಮಿಯ ತಂದೆ ಗುಂಪು ಕಟ್ಟಿಕೊಂಡು ಹೋಗಲಿಲ್ಲ, ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದರು. ಅಲ್ಪಸಂಖ್ಯಾತರ ಮಗುವಾಗಲಿ, ಬಹುಸಂಖ್ಯಾತರ ಮಗುವಾಗಲಿ, ತರಗತಿಯಲ್ಲಿ ತನ್ನ ವಿಶ್ವಾಸದ ಅವಹೇಳನಕ್ಕೆ ತುತ್ತಾದಾಗ ಅನುಭವಿಸುವ ನೋವು ಒಂದೇ ಎಂಬುದನ್ನು ಎರಡೂ ಕಡೆಯ ಮಕ್ಕಳು ಈ ಪುಸ್ತಕದಿಂದ ತಿಳಿಯಬಹುದು.

ಹಾಗಾದರೆ ಆಯ್ಕೆಯ ಮಾನದಂಡ ಏನಿರಬೇಕು?

ಮೊದಲನೆಯದಾಗಿ, ಲೇಖಕರ ಹೆಸರು ನೋಡಿ ಪುಸ್ತಕ ಆರಿಸಬಾರದು. ಹಬ್ಬದ ಸಂತೆಯಲ್ಲಿ ಆಟಿಕೆ ಕೊಳ್ಳದೆ ಅಜ್ಜಿಗಾಗಿ ಚಿಮಟ ಕೊಂಡು ತರುವ ಹಾಮಿದ್‌ನನ್ನು ‘ಈದ್ಗಾಹ್’ ಎಂಬ ಸಣ್ಣ ಕತೆಯಲ್ಲಿ ಸೃಷ್ಟಿಸಿದ್ದು ಪ್ರೇಮ್‌ಚಂದ್. ಮಹಾತ್ಮಾ ಗಾಂಧಿಯವರ ಬದುಕನ್ನು ಮಕ್ಕಳಿಗಾಗಿ ಬರೆದು 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದದ್ದು ಬೊಳುವಾರು ಮಹಮದ್ ಕುಂಞಿ. ಒಳ್ಳೆಯ ಕತೆಗೆ ಗಡಿಗಳಿಲ್ಲ. ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಹತ್ತು ಮಕ್ಕಳಿಗೆ ಓದು-ಬರಹ ಕಲಿಸಿದರೆ ಬಿಡುಗಡೆ ಎಂದು ಪ್ರವಾದಿ ಮುಹಮ್ಮದ್(ಸ) ನಿಶ್ಚಯಿಸಿದ್ದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಗುರುಗಳು ಮುಸ್ಲಿಮರಾಗಿರಲಿಲ್ಲ, ನಿನ್ನೆಯ ಶತ್ರುಗಳಾಗಿದ್ದರು ಎಂಬುದನ್ನೂ ಜೊತೆಗೆ ಹೇಳಬೇಕು.

ಎರಡನೆಯದಾಗಿ, ಮಗು ಅದರಲ್ಲಿ ತನ್ನನ್ನು ಕಾಣುವಂತಿರಬೇಕು. ವೈಕಂ ಮುಹಮ್ಮದ್ ಬಶೀರ್ ಅವರ ‘ನನ್ನಜ್ಜನಿಗೊಂದು ಆನೆಯಿತ್ತು’ (1951) ಮಲಯಾಳಂನಿಂದ ಕನ್ನಡಕ್ಕೆ ಬಂದಿದೆ. ಅಜ್ಜನ ಆನೆಯ ಹೆಸರಲ್ಲಿ ಬೀಗುವ, ಆದರೆ ಅಕ್ಷರ ತಿಳಿಯದ ಕುಟುಂಬವೊಂದು ಬಡತನಕ್ಕೆ ಜಾರುತ್ತದೆ. ನೆರೆಮನೆಯ ಆಯಿಷಾ ಎಂಬ ಹುಡುಗಿ ಆ ಮನೆಯ ಮಗಳು ಕುಂಞಿಪಾತುಮ್ಮಳಿಗೆ ಅಕ್ಷರ ಕಲಿಸುತ್ತಾಳೆ. ಆ ಆನೆ ಮಣ್ಣಿನಲ್ಲಿ ಕುಳಿ ತೋಡುವ ಹುಳವಷ್ಟೇ ಎಂದು ಕೊನೆಗೆ ಮಕ್ಕಳು ಗೇಲಿ ಮಾಡುತ್ತಾರೆ. ಗತವೈಭವವನ್ನು ಹೊಗಳುತ್ತಾ ವರ್ತಮಾನವನ್ನು ಮರೆತ ಸಮುದಾಯಕ್ಕೆ ಇದಕ್ಕಿಂತ ಉತ್ತಮ ಕನ್ನಡಿ ಬೇಕೇ?

ಮೂರನೆಯದಾಗಿ, ಮಗು ಅದರಲ್ಲಿ ಇತರರನ್ನು ಕಾಣುವಂತಿರಬೇಕು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದ ಮಗುವಿಗೆ, ಉಳಲು ತುಂಡು ಭೂಮಿ ಬಯಸುವ ಚೋಮನ ಸಂಕಟ ಅರ್ಥವಾಗುತ್ತದೆ. ನೀರಿನಲ್ಲಿ ಮುಳುಗುವ ಅವನ ಮಗನನ್ನು ಮುಟ್ಟಿ ಎತ್ತಲು ಜಾತಿ ಹೇಗೆ ಅಡ್ಡ ಬಂತೆಂಬುದೂ ಅರ್ಥವಾಗುತ್ತದೆ. ನಮ್ಮ ಮೇಲಾಗುವ ಅನ್ಯಾಯವನ್ನು ಮಾತ್ರ ಬಲ್ಲ ಸಮುದಾಯ ನ್ಯಾಯದ ಸಾಕ್ಷಿಯಾಗಲಾರದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹಾರುವ ಓತಿಯ ಹುಡುಕಾಟದ ನೆಪದಲ್ಲಿ, ಹಳ್ಳಿಗ ಮಂದಣ್ಣನಿಂದ ವಿಜ್ಞಾನಿಯೊಬ್ಬರು ಕಲಿಯುವುದನ್ನು ತೋರಿಸುತ್ತದೆ. ಟ್ಯೂಷನ್‌ನ ನಡುವೆ ಕಾಡನ್ನೇ ಕಾಣದ ಪೇಟೆಯ ಮಕ್ಕಳಿಗೆ ಅದು ಅಗತ್ಯದ ಓದು.

ನಾಲ್ಕನೆಯದಾಗಿ, ವಯಸ್ಸಿನ ವಿವೇಚನೆ ಇರಬೇಕು. ಐದನೆಯ ತರಗತಿಗೆ ಒಪ್ಪುವುದು ಹತ್ತನೆಯದಕ್ಕೆ ಸಪ್ಪೆಯಾಗುತ್ತದೆ, ಹತ್ತನೆಯದಕ್ಕೆ ಒಪ್ಪುವುದು ಐದನೆಯದಕ್ಕೆ ಭಾರವಾಗುತ್ತದೆ. ಕ್ರೌರ್ಯವನ್ನು ಅಥವಾ ಅಶ್ಲೀಲತೆಯನ್ನು ರಂಜನೆಗಾಗಿಯೇ ಬಳಸುವ ಪುಸ್ತಕವನ್ನು ಬದಿಗಿಡುವುದರಲ್ಲಿ ಸಂಕೋಚ ಬೇಕಿಲ್ಲ. ಆದರೆ ದುಃಖ, ಸಾವು, ಅನ್ಯಾಯಗಳಿವೆ ಎಂಬ ಕಾರಣಕ್ಕೆ ಪುಸ್ತಕವೊಂದನ್ನು ನಿರಾಕರಿಸುವುದು ತಪ್ಪು. ಯೂಸುಫ್(ಅ)ರ ವೃತ್ತಾಂತದಲ್ಲಿ ಪ್ರಲೋಭನೆಯೂ ಇದೆ, ಅದನ್ನು ಗೆದ್ದ ಬಗೆಯೂ ಇದೆ.

ಇಲ್ಲಿಗೆ, ನಮ್ಮನ್ನು ಅತ್ಯಂತ ಮುಜುಗರಕ್ಕೀಡು ಮಾಡುವ ಪ್ರಶ್ನೆಗೆ ಬರಬೇಕಾಗುತ್ತದೆ. 1980ರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ನಮ್ಮ ಮಕ್ಕಳ ತರಗತಿಯ ಕಪಾಟಿನಲ್ಲಿ ಇಡಬಹುದೇ? ತಂದೆಯ ಹಟಕ್ಕೆ ಬಲಿಯಾಗಿ ಗಂಡನಿಂದ ಬೇರ್ಪಟ್ಟ ನಾದಿರಾ, ಅದೇ ಗಂಡನನ್ನು ಮರಳಿ ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು ಎಂದಾದಾಗ ಪ್ರಾಣ ಕಳೆದುಕೊಳ್ಳುತ್ತಾಳೆ. ಇದು ಸಮುದಾಯವನ್ನು ಅವಮಾನಿಸುವ ಕೃತಿ ಎಂದು ಅಂದೇ ವಿರೋಧ ಕೇಳಿ ಬಂದಿತ್ತು. ನಮ್ಮ ಅಭಿಪ್ರಾಯದಲ್ಲಿ, ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳು ಅದನ್ನು ಓದಲಿ. ಆದರೆ ಒಂಟಿಯಾಗಿ ಓದಿ ಮುಚ್ಚಿಡುವುದಲ್ಲ, ಶಿಕ್ಷಕರೊಂದಿಗೆ ಮತ್ತು ಮನೆಯವರೊಂದಿಗೆ ಚರ್ಚಿಸಲಿ. ಒಪ್ಪಂದದ ಮೇರೆಗೆ ನಡೆಯುವ ಇಂಥ ‘ಹಲಾಲ’ವನ್ನು ಮಾಡುವವನನ್ನೂ ಮಾಡಿಸುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆ. ಹಾಗಿರುವಾಗ ಆ ಕಾದಂಬರಿ ತೋರಿಸುವ ಅನಿಷ್ಟ ಧರ್ಮದ್ದಲ್ಲ, ಧರ್ಮದ ಹೆಸರಲ್ಲಿ ಹೆಣ್ಣಿನ ಮೇಲೆ ನಡೆಸಲಾದ ದಬ್ಬಾಳಿಕೆಯದ್ದು. ಈ ವ್ಯತ್ಯಾಸವನ್ನು ವಿವರಿಸುವ ಹೊಣೆ ನಮ್ಮದಲ್ಲವೇ? ನಾವು ವಿವರಿಸದೆ ಪುಸ್ತಕವನ್ನು ಅಡಗಿಸಿದರೆ, ಅದನ್ನು ಮಗುವಿಗೆ ವಿವರಿಸುವವರು ಬೇರೆ ಯಾರೋ ಆಗಿರುತ್ತಾರೆ.

ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಸಮುದಾಯದ ಅನೇಕರು ಸಂಭ್ರಮಿಸಿದರು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದ್ದನ್ನು ವಿರೋಧಿಸಿ ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ನಾವು ಖಂಡಿಸಿದೆವು. ಅದು ಸರಿಯೇ. ಆದರೆ ಪ್ರಶಸ್ತಿ ಬರುವ ಮೊದಲು ಅವರ ಪುಸ್ತಕ ನಮ್ಮ ಎಷ್ಟು ಮನೆಗಳಲ್ಲಿತ್ತು? ಲೇಖಕಿಗಾಗಿ ಹೇಳಿಕೆ ಕೊಡುವುದು ಸುಲಭ, ಆಕೆಯನ್ನು ಓದುವುದು ಕಷ್ಟ.

ಸಾಚಾರ್ ಸಮಿತಿ 2006ರಲ್ಲಿ ಎರಡು ಸಂಗತಿಗಳನ್ನು ದೇಶದ ಮುಂದಿಟ್ಟಿತು. 6ರಿಂದ 14ರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯನ್ನೇ ಕಂಡಿಲ್ಲ ಅಥವಾ ಅರ್ಧದಲ್ಲೇ ತೊರೆದಿದ್ದಾರೆ ಎಂಬುದು ಒಂದು. ಮದ್ರಸಗಳನ್ನು ಶಾಲೆಯಾಗಿ ಅವಲಂಬಿಸಿದ ಮಕ್ಕಳು ನೂರರಲ್ಲಿ ಮೂರ್ನಾಲ್ಕು ಮಾತ್ರ ಎಂಬುದು ಇನ್ನೊಂದು. ಅಂದರೆ ನಮ್ಮ ಮಕ್ಕಳ ಮನಸ್ಸು ರೂಪುಗೊಳ್ಳುವುದು ಬಹುತೇಕ ಸಾಮಾನ್ಯ ಶಾಲೆಗಳಲ್ಲಿ. ಓದಿನ ರುಚಿ ಹತ್ತಿದ ಮಗು ಸುಲಭದಲ್ಲಿ ಶಾಲೆ ಬಿಡದು.

ಆದ್ದರಿಂದ ಮೊಹಲ್ಲಾಗಳು ಎಚ್ಚೆತ್ತುಕೊಳ್ಳಲಿ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಹೆತ್ತವರು ಗ್ರಂಥಾಲಯದ ಅನುದಾನದ ಲೆಕ್ಕವನ್ನು ಗೌರವದಿಂದಲೇ ಕೇಳಲಿ. ಸಮುದಾಯದ ಆಡಳಿತದಲ್ಲಿರುವ ಶಾಲೆಗಳು ಕಟ್ಟಡದ ಬಣ್ಣಕ್ಕೆ ವ್ಯಯಿಸುವುದರಲ್ಲಿ ಸ್ವಲ್ಪ ಉಳಿಸಿ, ಪ್ರತಿ ತರಗತಿಗೆ ಒಂದು ಕಪಾಟು ಕೊಡಲಿ. ಮದುವೆಗಳ ಆಡಂಬರಕ್ಕೆ ಸುರಿಯುವ ಹಣದ ಒಂದು ಪಾಲು, ಮದುಮಕ್ಕಳು ಕಲಿತ ಶಾಲೆಗೆ ಪುಸ್ತಕವಾಗಿ ಹೋಗಲಿ. ಆರಿಸುವಾಗ ಇಬ್ಬರು ಶಿಕ್ಷಕರು, ಇಬ್ಬರು ತಾಯಂದಿರು ಮತ್ತು ಮುಖ್ಯವಾಗಿ ಇಬ್ಬರು ಮಕ್ಕಳು ಜೊತೆಗಿರಲಿ. ಓದದೆ ಯಾವ ಪುಸ್ತಕವನ್ನೂ ಸೇರಿಸಬಾರದು, ಓದದೆ ಯಾವುದನ್ನೂ ತಿರಸ್ಕರಿಸಬಾರದು ಎಂಬ ಒಂದೇ ನಿಯಮ ಸಾಕು. ಪೇಟೆಯಲ್ಲಿ ಮನೆ ತೆರಿಗೆ ಕಟ್ಟುವ ನಾವೆಲ್ಲರೂ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಹಣ ಕೊಟ್ಟೂ ಬಾಗಿಲು ತುಳಿಯದವರು ನಾವೇ ಆಗಬೇಕೇ?

ಪವಿತ್ರ ಕುರ್‌ಆನ್‌ನ ಪ್ರಪ್ರಥಮ ಆಜ್ಞೆ ಓದಿನ ಕುರಿತಾದದ್ದು ಎಂದು ಭಾಷಣಗಳಲ್ಲಿ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ. ನಮ್ಮ ಮನೆಯ ಮಗುವಿಗೆ ಅದು ಬಾಯಿಪಾಠವಾಗಿಯೇ ಉಳಿಯಬೇಕೋ ಅಥವಾ ಅಭ್ಯಾಸವಾಗಬೇಕೋ ಎಂಬುದನ್ನು ಈ ವರ್ಷ ಅದರ ಕೈಗೆ ನಾವೇನು ಕೊಡುತ್ತೇವೆ ಎಂಬುದು ನಿರ್ಧರಿಸಲಿದೆ.