ಕಾಡಿನ ಹಸಿರು ಒಂದೇ ಅಲ್ಲ

ಮಳೆಗಾಲ ಬಂತೆಂದರೆ ಸ್ಟೇಟಸ್ ತುಂಬ ಆಗುಂಬೆ, ಕುದುರೆಮುಖ. ಎಲ್ಲ ಫೋಟೊಗಳಲ್ಲೂ ಒಂದೇ ಹಸಿರು. ಪ್ಲಾಸ್ಟಿಕ್ ಬಾಳೆಎಲೆಯ ಹಸಿರು! ಸ್ಯಾಚುರೇಶನ್ ಏರಿಸಿದರೆ ಕಾಡು ಚೆಂದವಾಗುತ್ತದೆಂದು ನಮಗೆ ಯಾರು ಹೇಳಿಕೊಟ್ಟರೋ. ನಿಜವಾದ ಕಾಡಿನಲ್ಲಿ ಪಾಚಿಯ ಹಸಿರಿಗೆ ಹಳದಿ ಬೆರೆತಿರುತ್ತದೆ, ಹಲಸಿನೆಲೆಯದ್ದು ಕಡುಹಸಿರು, ನಾಗಸಂಪಿಗೆಯ ಚಿಗುರಂತೂ ಕೆಂಪು. ಬಣ್ಣ ಏರಿಸಿದೊಡನೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ.

ಇದು ಬರೀ ಅಭಿರುಚಿಯ ಮಾತಲ್ಲ. ಮಲೆನಾಡಿನಲ್ಲಿ ಅಕೇಶಿಯಾ ನೆಡುತೋಪೂ ಹಸಿರೇ, ಶೋಲಾ ಕಾಡೂ ಹಸಿರೇ. ಫೋಟೊದಲ್ಲಿ ಎರಡೂ ಒಂದೇ ಥರ ಕಂಡರೆ, ಒಂದು ಹೋಗಿ ಇನ್ನೊಂದು ಬಂದಾಗ ನಮ್ಮ ಪೀಳಿಗೆಗೆ ಗೊತ್ತಾಗುವುದಾದರೂ ಹೇಗೆ?

ದುಡಿಯಬೇಕಾದ್ದು ಬೆಳಕಿನ ಮೇಲೆ. ಕ್ಯಾಮೆರಾದ ಮೀಟರ್ ಎಂಥ ದೃಶ್ಯವನ್ನೂ ಮಧ್ಯಮ ಬೂದುಬಣ್ಣದಷ್ಟು ಬೆಳಗಿಸಲು ನೋಡುತ್ತದೆ. ಹಾಗಾಗಿ ಕತ್ತಲ ಕಾಡು ಬಿಳಿಚಿಕೊಂಡು, ಎಲೆಗಳ ನಡುವಿನ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ, ಫೋನಿನಲ್ಲೂ ಆಗುತ್ತದೆ. ಬಿಸಿಲಿಗೆ ಕಾಯಬೇಡಿ, ಮೋಡ ಕವಿದಾಗ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬೀಳುತ್ತದೆ. ಒದ್ದೆ ಎಲೆಯ ಬಿಳಿ ಹೊಳಪನ್ನು ಪೋಲರೈಸರ್ ಫಿಲ್ಟರ್ ತೆಗೆದರೆ ಎಲೆಯ ಸ್ವಂತ ಬಣ್ಣವೇ ಹೊರಬರುತ್ತದೆ. ಲೆನ್ಸಿಗೆ ಸಾಲ ಮಾಡುವ ಮೊದಲು ಅದನ್ನು ಕೊಳ್ಳಿ. ಇಂಬಳಕ್ಕೆ ಮಾತ್ರ ಯಾವ ಫಿಲ್ಟರೂ ಇಲ್ಲ, ಕಾಲ್ಚೀಲದೊಳಗೆ ಪ್ಯಾಂಟ್ ಸಿಕ್ಕಿಸಿಕೊಂಡೇ ಹೋಗಬೇಕು.